ಆರುನೂರು ವರ್ಷ ಬಾಳಿದ ರಬ್ಬಿ

ನೆದರ್‌ಲ್ಯಾಂಡ್ಸಿನ ಕಾಪೆಲ್ಲೆ ಊರಿನ ನಮ್ಮ ಫ್ಲ್ಯಾಟಿನ ಎದುರು ಬಾಗಿಲಿನ ಅಜ್ಜಿ ಒಂದು ಭಾನುವಾರ ಹಳೆಯ ನೋಟ್‌ಬುಕ್ ಹಿಡಿದು ನಮ್ಮ ಮನೆಗೆ ಬಂದರು. ತೊಂಬತ್ತರ ಹತ್ತಿರದ ವಯಸ್ಸು. ಅವರದು ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ ಮನೆತನ. ಮಧ್ಯಯುಗದಲ್ಲಿ ರೈನ್ ನದಿ ದಂಡೆಯ ಊರೊಂದರಲ್ಲಿ ಪಾಠ ಹೇಳುತ್ತಿದ್ದ ರಬ್ಬಿಯಿಂದ ಹಿಡಿದು ತಮ್ಮ ಮಕ್ಕಳವರೆಗಿನ ಹೆಸರುಗಳನ್ನು ಅವರ ಅಪ್ಪ ಅದರಲ್ಲಿ ಬರೆದಿಟ್ಟಿದ್ದರು. ಅಜ್ಜಿಯ ಮೊಮ್ಮಗಳಿಗೆ ಈಗ ದಿನ ತುಂಬುತ್ತಿತ್ತು. ಮಗು ಹುಟ್ಟುವುದರೊಳಗೆ ವಂಶವೃಕ್ಷ ಸಿದ್ಧವಾಗಬೇಕು, ಮಗುವಿನ ಹೆಸರನ್ನು ಅದರಿಂದಲೇ ಆರಿಸಬೇಕು ಎಂಬುದು ಅವರ ಆಸೆ.

ಕಂಪ್ಯೂಟರಿನಲ್ಲಿ ತಪ್ಪುಗಳ ಕೊಳೆ ತುಂಬಿದ ಡೇಟಾವನ್ನು ಹಸನು ಮಾಡುವುದೇ ನನ್ನ ಕಸುಬು. ‘ಇದೇನು ಮಹಾ, ಎರಡು ದಿನದ ಕೆಲಸ’ ಎಂದೆ. ಅಡುಗೆಮನೆಯಿಂದ ಹೆಂಡತಿ, ‘ಊರಿಗೆ ಉಪಕಾರಿ, ಮನೆಗೆ ಮಾರಿ. ಆ ಶೂ ರ‍್ಯಾಕ್ ಜೋಡಿಸ್ತೀನಿ ಅಂತ ಹೇಳಿ ಮೂರು ತಿಂಗಳಾಯ್ತು’ ಎಂದಳು. ಕನ್ನಡವಾದ್ದರಿಂದ ಅಜ್ಜಿಗೆ ತಿಳಿಯಲಿಲ್ಲ, ಮಾನ ಉಳಿಯಿತು.

‘ನಿಮ್ಮ ವಂಶ ಎಲ್ಲಿಂದ ಶುರು?’ ಅಜ್ಜಿ ಇಂಗ್ಲಿಷಿನಲ್ಲಿ ಕೇಳಿದರು.

‘ಒಬ್ಬ ಋಷಿಯಿಂದ. ನಿಮ್ಮ ರಬ್ಬಿಗಿಂತ ಸಾವಿರಾರು ವರ್ಷ ಹಿಂದೆ’ ಎಂದು ಎದೆಯುಬ್ಬಿಸಿದೆ.

‘ಆ ಋಷಿಗೂ ನಿಮಗೂ ನಡುವೆ ಯಾರು ಯಾರು?’

ಅಪ್ಪ, ತಾತ ಎಂದೆ. ಮುತ್ತಾತನ ಹೆಸರಿಗೆ ಹೆಂಡತಿಯ ಮುಖ ನೋಡಿದೆ.

‘ನನ್ನನ್ನ ಯಾಕ್ರೀ ನೋಡ್ತೀರಾ? ಮಾವನವರ ತಿಥಿ ದಿನ ವೀಡಿಯೊ ಕಾಲ್‌ನಲ್ಲಿ ಪುರೋಹಿತರು ಹೇಳಿದ್ದನ್ನ ರಿಪೀಟ್ ಮಾಡೋರು ನೀವು.’

ಕೆಲಸಕ್ಕೆ ಕೂತೆ. ನೋಟ್‌ಬುಕ್ಕಿನಲ್ಲಿ ಇಸವಿಗಳು ಅಲ್ಲೊಂದು ಇಲ್ಲೊಂದು, ಹೆಸರುಗಳು ಮಾತ್ರ ಮತ್ತೆ ಮತ್ತೆ ಅವೇ. ಒಂದು ಹೆಸರಂತೂ ಏಳು ಸಲ ಬಂದಿತ್ತು. ಪಾಪ, ಅಜ್ಜಿಯ ಅಪ್ಪ ವಯಸ್ಸಾದವರು, ಒಬ್ಬರನ್ನೇ ಮರೆತು ಮರೆತು ಬರೆದಿದ್ದಾರೆ ಎಂದುಕೊಂಡೆ. ಒಂದೇ ಹೆಸರು ಎರಡು ಸಲ ಬಂದರೆ ಎರಡನ್ನೂ ಸೇರಿಸಿ ಒಂದು ಮಾಡುವುದು ಆಫೀಸಿನಲ್ಲಿ ನಾನು ಕಣ್ಣುಮುಚ್ಚಿ ಮಾಡುವ ಕೆಲಸ. ಇಲ್ಲೂ ಹಾಗೇ ಮಾಡಿದೆ. ರಾಟರ್‌ಡ್ಯಾಮಿನ ಅಂಗಡಿಯೊಂದರಲ್ಲಿ ಬಣ್ಣದ ಪ್ರಿಂಟ್ ಹಾಕಿಸಿ, ಸುರುಳಿ ಸುತ್ತಿ, ಮೆಟ್ರೋದಲ್ಲಿ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ತಂದೆ.

ಅಜ್ಜಿ ಅದನ್ನು ಊಟದ ಮೇಜಿನ ಮೇಲೆ ಹರಡಿ ಮೇಲಿನಿಂದ ಓದತೊಡಗಿದರು. ಸ್ವಲ್ಪ ಹೊತ್ತಿಗೆ ಅವರಿಗೆ ನಗು ತಡೆಯಲಾಗಲಿಲ್ಲ. ನನ್ನ ಕೈಚಳಕದಲ್ಲಿ ಮಧ್ಯಯುಗದ ರಬ್ಬಿ ಆರುನೂರು ವರ್ಷ ಬದುಕಿ, ಆರು ಮದುವೆಯಾಗಿ, ತಮಗೆ ತಾವೇ ಮೊಮ್ಮಗನಾಗಿ ಹುಟ್ಟಿದ್ದರು. ನಾನೂ ಪೆಚ್ಚಾಗಿ ನಕ್ಕೆ. ಅಜ್ಜಿಯ ಬೆರಳು ಕೆಳಕ್ಕೆ ಇಳಿದು ಅವರದೇ ಹೆಸರಿನ ಪಕ್ಕದ ಖಾಲಿ ಜಾಗದಲ್ಲಿ ನಿಂತಿತು.

‘ನನ್ನ ತಮ್ಮ ಎಲ್ಲಿ?’

ತೀರಿಕೊಂಡ ಹಿರಿಯರ ಹೆಸರನ್ನು ಹುಟ್ಟಿದ ಮಗುವಿಗೆ ಇಡುವುದು ಅವರಲ್ಲಿ ರೂಢಿಯಂತೆ. ತಮ್ಮನಿಗೆ ತಾತನ ಹೆಸರು, ಅಂದರೆ ಆ ಮಧ್ಯಯುಗದ ರಬ್ಬಿಯದೇ ಹೆಸರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಜ್ಜಿಯನ್ನು ಬೇರೆಯವರ ಮನೆಯಲ್ಲಿ ಬಚ್ಚಿಟ್ಟಿದ್ದರು. ಎರಡು ವರ್ಷವೂ ತುಂಬದ ತಮ್ಮನನ್ನು ಅಮ್ಮನ ಜೊತೆ ನಾಜಿಗಳು ಎಳೆದೊಯ್ದರು. ‘ಫೋಟೊ ಇಲ್ಲ, ಸಮಾಧಿ ಇಲ್ಲ. ಅಪ್ಪ ಬರೆದ ಆ ಒಂದು ಸಾಲು ಮಾತ್ರ ಇದೆ’ ಎಂದರು. ಆ ಸಾಲನ್ನೇ ನಾನು ಹಸನು ಮಾಡಿದ್ದೆ.

ನೆಲ ಬಾಯಿಬಿಡಬಾರದೇ ಎನಿಸಿತು. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ನನ್ನ ಹೆಸರೂ ನಮ್ಮ ತಾತನದೇ. ಮಾವನ ಹೆಸರು ಹಿಡಿದು ಬೈಯುವುದು ಹೇಗೆಂದು ಅಮ್ಮ ಇಂದಿಗೂ ನನ್ನನ್ನು ಪುಟ್ಟ ಎಂದೇ ಕರೆಯುತ್ತಾಳೆ. ಐವತ್ತರ ಹೊಸ್ತಿಲಲ್ಲಿರುವ ಈ ಪುಟ್ಟನಿಗೆ ಅದು ನೆನಪಿಗೇ ಬರಲಿಲ್ಲ! ನನ್ನ ನಿಯಮದಂತೆ ನಮ್ಮ ಮನೆಯಲ್ಲಿ ಮೊದಲು ಅಳಿಸಬೇಕಾದವನು ನಾನೇ.

ಕ್ಷಮೆ ಕೇಳಿದೆ. ಮರುದಿನದಿಂದ ಒಂದು ವಾರ ಸಂಜೆಯೆಲ್ಲ ಅಜ್ಜಿ ಪಕ್ಕದಲ್ಲಿ ಕೂತು ಒಂದೊಂದೇ ಹೆಸರು ಓದಿದರು, ನಾನು ಟೈಪ್ ಮಾಡಿದೆ. ತಮ್ಮನ ಸರದಿ ಬಂದಾಗ ನನ್ನ ಕೈ ಸರಿಸಿ, ಒಂದೇ ಬೆರಳಿನಲ್ಲಿ ತಾವೇ ಒತ್ತಿದರು.

ಹದಿನೈದು ದಿನ ಕಳೆದು, ಬೆಳಿಗ್ಗೆ ನಾನು ಆಫೀಸಿಗೆ ಹೊರಡುವಾಗ ಎದುರು ಬಾಗಿಲು ತೆರೆಯಿತು. ಅಜ್ಜಿಯ ಕಣ್ಣು ಒದ್ದೆಯಾಗಿತ್ತು.

‘ಗಂಡು ಮಗು. ನನ್ನ ತಮ್ಮನ ಹೆಸರೇ ಇಡುತ್ತಾರಂತೆ. ಆ ಹೆಸರಿನ ಎಂಟನೆಯವನು. ಸಂಜೆ ಬಂದು ಬರೆಯಿರಿ’ ಎಂದರು. ನಾನು ಲಿಫ್ಟ್ ತಲುಪುವಷ್ಟರಲ್ಲಿ ಹಿಂದಿನಿಂದ ಮತ್ತೆ ಕೂಗಿದರು: ‘ಇವನನ್ನು ಅಳಿಸಬೇಡಿ!’