ಗೆರೆ ದಾಟಿದ ಚುಕ್ಕೆ

ಮೊದಲು ಕಂಡಾಗ ಅದು ಒಂದು ಎಳ್ಳಿನಷ್ಟಿತ್ತು.

ಕೆಳಗಿನ ಎಲೆಯ ಮೇಲೆ ಏನೋ ಅಂಟಿದೆ ಅನಿಸಿತು. ಒಗ್ಗರಣೆಯ ಸಾಸಿವೆ ಸಿಡಿದಿರಬೇಕೆಂದು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಉಗುರಿನಿಂದ ಕೆರೆದೆ. ಚುಕ್ಕೆ ಎಲೆಯ ಮೇಲಿರಲಿಲ್ಲ, ಎಲೆಯ ಒಳಗಿತ್ತು.

ಗಿಡ ನನ್ನದಲ್ಲ. ಪಕ್ಕದ ಮನೆಯ ವಿಮಲಾಳದು. ಇಂಡಿ ಊರಿನ ಶಾಲೆಯಲ್ಲಿ ಟೀಚರ್ ಆಗಿದ್ದವಳು. ನಿವೃತ್ತಿಯ ದಿನ ಜೊತೆಯವರು ಕೊಟ್ಟ ಆರ್ಕಿಡ್ ಇದು. ಕುಂಡದಲ್ಲಿ ಮಣ್ಣೇ ಇಲ್ಲ, ಬರೀ ತೊಗಟೆಯ ಚೂರು, ಅದರ ಮೇಲೆ ಐದು ದಪ್ಪ ಎಲೆ. ನಮ್ಮ ಬಿಸಿಲಿಗೆ ಎಂಟು ದಿನವೂ ಬಾಳುವುದಿಲ್ಲ ಎಂದು ನಾನು ನಕ್ಕಿದ್ದೆ. ಅವಳು ಎರಡು ಬೇಸಿಗೆ ದಾಟಿಸಿದಳು. ಆಮೇಲೆ ಅವಳ ಎದೆಯಲ್ಲಿ ಗಂಟು ಸಿಕ್ಕಿತು. ಬಯಾಪ್ಸಿ ಆಯಿತು. ಆಪರೇಷನ್‌ಗೆಂದು ಸೊಲ್ಲಾಪುರಕ್ಕೆ ಹೊರಟಾಗ ಕುಂಡ ತಂದು ನನ್ನ ಕೈಯಲ್ಲಿಟ್ಟಳು.

"ಗಂಗಕ್ಕಾ, ಹೂವಿನ ದಂಟು ಬಿಟ್ಟೈತಿ ನೋಡು. ಅರಳೂದ್ರಾಗ ಬರ್ತೇನಿ. ಅಲ್ಲೀತನಕ ಇದು ನಿನ್ನ ಕೂಸು."

"ನಾಲ್ಕು ಹಡದೇನಿ. ಐದನೇದು ಭಾರೇನು?" ಅಂದೆ.

ಭಾರವೇ ಆಯಿತು.

ಮೂರು ದಿನದಲ್ಲಿ ಚುಕ್ಕೆ ಹುಣಸೆ ಬೀಜದಷ್ಟಾಯಿತು. ಕಂದು ಬಣ್ಣ, ಸುತ್ತ ಹಳದಿ ಉಂಗುರ. ಪಕ್ಕದ ಎಲೆಯ ಮೇಲೂ ಎರಡು ಹುಟ್ಟಿದವು. ಅದೇ ಭಾನುವಾರ ಆಸ್ಪತ್ರೆಯಿಂದ ವೀಡಿಯೋ ಕಾಲ್ ಬಂತು. ಆಪರೇಷನ್ ಮುಗಿದಿತ್ತು. ಕುತ್ತಿಗೆಯವರೆಗೆ ಶಾಲು ಹೊದ್ದು ಕೂತಿದ್ದಳು.

"ಬರೇ ಗಂಟು ತಗದಾರ, ಆರಾಮ ಅದೇನಿ. ಮೊದಲ ಗಿಡ ತೋರಸು. ನಿನ್ನ ಮಾರಿ ಆಮ್ಯಾಲ."

"ನನ್ನ ಮಾರಿಗೇನಾಗೈತಿ?"

"ಅದು ದಿನಾ ಅಷ್ಟ ಇರತೈತಿ. ಗಿಡ ಬೆಳಿತೈತಿ."

ನಾನು ಕುಂಡವನ್ನು ಮೆಲ್ಲಗೆ ತಿರುಗಿಸಿ, ಚುಕ್ಕೆ ಇಲ್ಲದ ಮಗ್ಗುಲನ್ನು ಫೋನಿಗೆ ಹಿಡಿದೆ. ಅವಳು ನಕ್ಕಳು. ಕಾಲ್ ಮುಗಿದ ಮೇಲೆ ಸೊಸೆ ಸುಜಾತಾ ಅಡುಗೆಮನೆಯಿಂದಲೇ ಅಂದಳು: "ಅತ್ತೀ, ಕನ್ಯಾ ತೋರಸೋ ಮುಂದ ಬರೇ ಚಂದ ಇದ್ದ ಮಗ್ಗಲಾ ತೋರಸ್ತಾರಲ್ರಿ, ಹಂಗ ಮಾಡಿದ್ರಿ ನೋಡ್ರಿ."

ನಗು ಬರಲಿಲ್ಲ. ಗಿಡ ಸತ್ತರೆ ಅವಳಿಗೆ ಏನು ಹೇಳಲಿ? ಹಾಸಿಗೆಯಲ್ಲಿ ಮಲಗಿದವರು ಇಂಥದ್ದನ್ನೆಲ್ಲ ಶಕುನ ಎಂದುಕೊಳ್ಳುತ್ತಾರೆ. ವಿಮಲಾ ವಿಜ್ಞಾನ ಕಲಿಸಿದವಳು, ನಿಜ. ಆದರೆ ಡ್ರಿಪ್ ಹಾಕಿಸಿಕೊಂಡು ಮಲಗಿದಾಗ ಯಾರ ವಿಜ್ಞಾನ ಎಷ್ಟು ಉಳಿಯುತ್ತದೋ ನನಗೆ ಗೊತ್ತಿಲ್ಲ.

ಹೊರ್ತಿಯಲ್ಲಿ ನನ್ನ ತಮ್ಮ ಶಿವಪ್ಪನ ಲಿಂಬೆ ತೋಟವಿದೆ. ಎಲೆ ನೋಡಿಯೇ ಅವನ ಕೂದಲು ನೆರೆತಿದೆ. ಫೋಟೋ ಕಳಿಸಿದೆ. ಕಳಿಸುವುದನ್ನು ಕಲಿತು ಇನ್ನೂ ತಿಂಗಳಾಗಿಲ್ಲ, ಮೊದಲು ನನ್ನ ಹೆಬ್ಬೆರಳಿನ ಫೋಟೋ ಹೋಯಿತು.

"ಬಿಸಿಲು ಬಡದಿದ್ರ ಚುಕ್ಕಿ ಒಣಗಿ ಅಲ್ಲೇ ನಿಲ್ಲತೈತಿ," ಅಂದ. "ರೋಗ ಆಗಿದ್ರ ನಡೀತೈತಿ. ಅದು ಎಲ್ಲೀತನಕ ಬಂದೈತಿ, ಗುರ್ತು ಮಾಡಿ ನೋಡಕ್ಕಾ."

ಗುರುತು ಹೇಗೆ ಮಾಡುವುದೆಂದು ನನಗೆ ಗೊತ್ತಿತ್ತು. ಹೋದ ವರ್ಷ ನನ್ನ ಕಾಲು ಕೆಂಪಗೆ ಬಾತಾಗ ನರ್ಸ್ ಬಾಲ್‌ಪೆನ್ನಿನಿಂದ ಸುತ್ತ ಗೆರೆ ಎಳೆದು, ಇನ್‌ಫೆಕ್ಷನ್ ಈ ಗೆರೆ ದಾಟಿದರೆ ಕೂಡಲೇ ಹೇಳಿ ಅಂದಿದ್ದಳು. ನಾನೂ ಮೊಮ್ಮಗಳ ಪೆನ್ನು ತಂದು ಮೂರೂ ಚುಕ್ಕೆಗಳ ಸುತ್ತ ಗೆರೆ ಹಾಕಿದೆ.

ಬೆಳಿಗ್ಗೆ ಎದ್ದು, ಮುಖವನ್ನೂ ತೊಳೆಯದೆ ನೋಡಿದೆ.

ಮೂರೂ ಗೆರೆ ದಾಟಿದ್ದವು.

ಸುದ್ದಿ ಕೇಳಿ ಶಿವಪ್ಪ ಮುಂಜಾನೆಯ ಬಸ್ಸಿಗೇ ಬಂದ. ಚಹಾ ಬೇಡವೆಂದ. ಎಲೆಯನ್ನು ಬೆಳಕಿಗೆ ಹಿಡಿದ, ಬೆರಳಿನಿಂದ ಒತ್ತಿದ. ಚುಕ್ಕೆ ಮೆತ್ತಗೆ ಒಳಗೆ ಹೋಯಿತು.

"ಲಿಂಬಿಗೆ ಬರೋ ಕಜ್ಜಿ ರೋಗ ಖರಖರಿ ಇರತೈತಿ, ಇದು ಮೆತ್ತಗೈತಿ. ಆದ್ರ ಈ ಹಳದಿ ಉಂಗುರ ಅದರ ಬಳಗದ್ದ. ಇಂಥಾವು ನೀರಿನ ಬೆನ್ನು ಹತ್ತಿ ಎಲಿಯಿಂದ ಎಲಿಗೆ ಹೋಗ್ತಾವು. ನೀರು ಎಲ್ಲಿ ಹಾಕ್ತಿ?"

"ತಲಿ ಮ್ಯಾಲೆ. ತುಳಸಿಗೆ ಹಾಕಿದಂಗ."

"ಎಷ್ಟು ಸಲ?"

"ಮುಂಜಾನಿ ಒಂದು ತಂಬಿಗಿ, ಸಂಜಿಗೊಂದು ತಂಬಿಗಿ. ವಿಮಲಾಗ ಆರಾಮಾಗ್ಲಿ ಅಂತ ಬೇಡಿಕೊಂಡು ಹಾಕ್ತೇನಿ."

ಅವನು ಎಲೆಯ ಸಂದಿಯಲ್ಲಿ ಬೆರಳಾಡಿಸಿದ. "ಸಂಜಿಕ ಹಾಕಿದ್ದು ರಾತ್ರಿಯೆಲ್ಲಾ ಎಲಿ ಸಂದ್ಯಾಗ ನಿಲ್ಲತೈತಿ ಅಕ್ಕಾ. ದೇವರ ಹೆಸರಿಲೆ ನೀನ ಇದಕ ರೋಗ ಕುಡಿಸೀದಿ."

ರೋಗವನ್ನು ಎಲೆಯಿಂದ ಎಲೆಗೆ ಹೊತ್ತವಳು ನಾನೇ.

ಅವನು ಚೀಲದಿಂದ ಮೈಲುತುತ್ತದ ಪೊಟ್ಟಣ ತೆಗೆದ. ಲಿಂಬೆಗೆ ಹೊಡೆಯುವ ನೀಲಿ ಔಷಧ. ನಾನು ಕೈ ಹಿಡಿದೆ. "ಎರಡು ಎಕರೆ ಲಿಂಬಿ ಅಲ್ಲೋ ಇದು, ಗೇಣುದ್ದದ ಕೂಸು!" ಗೊಣಗುತ್ತಲೇ ಪರಿಚಯದ ನರ್ಸರಿಯವನಿಗೆ ಫೋನ್ ಮಾಡಿದ. ಆತ ಹೇಳಿದ್ದು ಇಷ್ಟು: ಮೈಲುತುತ್ತ ಬೇಡ, ಈ ಗಿಡ ತಡೆಯಲಿಕ್ಕಿಲ್ಲ. ಬ್ಯಾಕ್ಟೀರಿಯಾ ಇದ್ದಂತಿದೆ, ರೋಗದ ಭಾಗ ಕತ್ತರಿಸಿ. ಗಾಯಕ್ಕೆ ದಾಲ್ಚಿನ್ನಿ ಪುಡಿ ಒತ್ತಿ, ಬೇರಿಗೆ ತಾಗಿಸಬೇಡಿ. ಎಲೆಗೆ ನೀರು ಬೀಳಬಾರದು, ಗಾಳಿ ಆಡಬೇಕು. ರೋಗ ನಟ್ಟನಡುವಿನ ಸುಳಿಗೆ ಹೋದರೆ ಗಿಡ ಉಳಿಯುವುದಿಲ್ಲ.

ಬ್ಲೇಡನ್ನು ಗ್ಯಾಸಿನ ಉರಿಯಲ್ಲಿ ಕಾಯಿಸಿ ಆರಿಸಿದೆ. ಶಿವಪ್ಪ ಕೈ ಚಾಚಿದ. ಕೊಡಲಿಲ್ಲ. ಮಾಡಿದವಳು ನಾನು, ಕೊಯ್ಯಬೇಕಾದವಳೂ ನಾನೇ. ಕೆಳಗಿನ ಎಲೆ ಪೂರ್ತಿ ಹೋಯಿತು. ಎರಡನೆಯದು ಅರ್ಧ. ಕತ್ತರಿಸುವಾಗ ಹಸಿ ಸೌತೆಕಾಯಿಯ ಸದ್ದು ಬಂತು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಆಗ ಮೂರನೆಯ ಎಲೆಯ ಬುಡದಲ್ಲಿ, ಸುಳಿಯಿಂದ ಒಂದೇ ಬೆರಳು ದೂರದಲ್ಲಿ, ಇನ್ನೊಂದು ಚುಕ್ಕೆ ಕಂಡಿತು. ಅಲ್ಲಿ ಬ್ಲೇಡ್ ಆಡಿಸುವ ಹಾಗಿರಲಿಲ್ಲ. ಗೆರೆ ಎಳೆದು ಕಾಯುವುದಷ್ಟೇ.

ಮನೆಯವರೆಲ್ಲ ಗಿಡದ ಸುತ್ತ ಮೆತ್ತಗೆ ಓಡಾಡಿದರು. ಸಣ್ಣ ಫ್ಯಾನ್ ಅದರ ಪಾಲಾಯಿತು, ನಾವು ಬೆವರಿದೆವು. ಒಂದು ಮೊಗ್ಗು ಹಳದಿಯಾಗಿ ಉದುರಿತು. ಆ ದಿನ ನಾನು ರೊಟ್ಟಿ ಬಡಿಯಲಿಲ್ಲ. ಮರುದಿನ ಇನ್ನೊಂದು ಉದುರಿತು. ಚುಕ್ಕೆ ಗೆರೆಯ ಅಂಚಿಗೇ ಬಂದು ನಿಂತಿತ್ತು. ದಾಟಿತೋ ಇಲ್ಲವೋ, ನನ್ನ ಕನ್ನಡಕಕ್ಕೆ ತಿಳಿಯಲಿಲ್ಲ. ಸುಜಾತಾಳನ್ನು ಕೂಗಿದೆ. ಅವಳು ಬಗ್ಗಿ ಬಹಳ ಹೊತ್ತು ನೋಡಿದಳು. "ಗೆರಿ ಒಳಗ ಐತ್ರಿ ಅತ್ತೀ."

ಭಾನುವಾರ ಮತ್ತೆ ಬಂತು. ಮೂರೂವರೆ ಎಲೆಯ ಗಿಡವನ್ನು ಎತ್ತ ತಿರುಗಿಸಿದರೂ ಮುಚ್ಚುವ ಹಾಗಿರಲಿಲ್ಲ. ನೇರವಾಗಿ ಫೋನಿನ ಮುಂದೆ ಇಟ್ಟು ಎಲ್ಲ ಹೇಳಿದೆ. ತಂಬಿಗೆಯನ್ನೂ ಹೇಳಿದೆ, ಬ್ಲೇಡನ್ನೂ ಹೇಳಿದೆ.

ವಿಮಲಾ ಕಣ್ಣು ಕಿರಿದು ಮಾಡಿ ಗಿಡವನ್ನು ನೋಡಿದಳು.

"ನೀ ಕುಂಡ ತಿರುಗಿಸಿದ್ದು ನನಗ ಹೋದ ವಾರನ ಗೊತ್ತಾಗಿತ್ತು," ಅಂದಳು. "ಕೇಳಬೇಕಂದೆ. ಆದ್ರ ನಾನರ ಶಾಲು ಯಾಕ ಹೊದ್ದು ಕುಂತಿದ್ದೆ?"

ಶಾಲು ಸರಿಸಿದಳು. ನೈಟಿ ಒಂದು ಕಡೆ ತಗ್ಗಾಗಿ ಚಪ್ಪಟೆ ಬಿದ್ದಿತ್ತು.

"ಬರೇ ಗಂಟಲ್ಲ ಗಂಗಕ್ಕಾ. ಪೂರಾ ತಗದಾರ."

ಇಬ್ಬರೂ ಅತ್ತೆವು. ಮೊದಲು ನಕ್ಕವಳು ಅವಳೇ: "ದಾಲ್ಚಿನ್ನಿ ನನಗೂ ಒಂದೀಟು ಕಳಸು."

ಹದಿನೈದು ದಿನವಾಯಿತು. ಚುಕ್ಕೆ ಒಣಗಿ ಗೆರೆಯ ಒಳಗೇ ಇದೆ. ಗೆದ್ದೆವು ಎನ್ನಲು ನನಗೆ ಧೈರ್ಯವಿಲ್ಲ. ಬೆಳಿಗ್ಗೆ ತೊಗಟೆಗೆ ಮಾತ್ರ, ಅದು ಒಣಗಿದ್ದರೆ ಮಾತ್ರ ನೀರು. ಪ್ರಾರ್ಥನೆ ಬಿಟ್ಟಿಲ್ಲ, ತಂಬಿಗೆ ಬಿಟ್ಟಿದ್ದೇನೆ. ಒಣ ಕೈಯನ್ನೇ ಮುಗಿಯುತ್ತೇನೆ. ವಿಮಲಾಗೆ ಕೀಮೋ ಶುರುವಾಗಿದೆ. ದಿನಾ ಫೋನ್ ಮಾಡಿ ಕೇಳುತ್ತಾಳೆ: "ಗೆರಿ?"

"ದಾಟಿಲ್ಲ. ನಿಂದು?"

"ಇವತ್ತಿನ ಮಟ್ಟಿಗೆ ಇಲ್ಲ."

ನಿನ್ನೆ ಮೊದಲ ಹೂ ಅರಳಿತು. ಅವಳು ಇನ್ನೂ ಬಂದಿಲ್ಲ. ಎರಡು ಮೊಗ್ಗು ಉಳಿದಿವೆ. ಅವಸರ ಮಾಡಬೇಡಿ ಎಂದು ಅವುಗಳ ಕಿವಿಯಲ್ಲಿ ಹೇಳಿದ್ದೇನೆ.