ಹಿಂದಿನ ಗಾಲಿಯ ರಂಗೋಲಿ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಮಾಡಿದ ದೊಡ್ಡ ಹುಚ್ಚುತನವೆಂದರೆ ಒಂದು ಹಳೇ ಸ್ಪೋರ್ಟ್ಸ್ ಕಾರು ಕೊಂಡದ್ದು. ಎರಡೇ ಸೀಟು, ಮಡಚುವ ಕ್ಯಾನ್ವಾಸ್ ಟಾಪು, ವಯಸ್ಸಿನಲ್ಲಿ ನನಗಿಂತ ದೊಡ್ಡದು. ಖಡಕಿಯ ನಿವೃತ್ತ ಸೇನಾಧಿಕಾರಿಯೊಬ್ಬರ ಶೆಡ್ಡಿನಲ್ಲಿ ಆರೇಳು ವರ್ಷ ನಿಂತೇ ಇತ್ತು. ನಾನೋ ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಬೆಳಿಗ್ಗೆ ಬಸ್ಸಿನ ಹಿಂದೆ ಓಡುವುದಷ್ಟೇ ನನಗೆ ಗೊತ್ತಿದ್ದ ಸ್ಪೋರ್ಟ್ಸು. ಆದರೂ ಆ ಕೆಂಪು ಬಾನೆಟ್ ಕಂಡದ್ದೇ ತಡ, ತಲೆ ಕೆಟ್ಟಿತು. ಕಾರನ್ನು ಚಿಂಚವಾಡದ ಮನೆಯ ಅಂಗಳಕ್ಕೆ ತಂದಾಗ ಹೆಂಡತಿ ಸುತ್ತ ಒಂದು ಸಲ ನಡೆದು ನೋಡಿ, "ಹಿಂದ ಯಾರು ಕೂಡೂದ್ರಿ?" ಎಂದಳು. "ಯಾರೂ ಇಲ್ಲ, ನಾವಿಬ್ಬರ" ಎಂದೆ. ಆ ಉತ್ತರ ಅವಳಿಗೆ ಹಿಡಿಸಿತು.

ಭೋರಿನಲ್ಲಿ ಅವಳ ಸೋದರಮಾವ ಇದ್ದರು. ತಂದೆಯಿಲ್ಲದ ಅವಳನ್ನು ಸಾಕಿ ಓದಿಸಿದವರು. ದಸರೆಯ ದಿನ ಅವರಿಗೆ ಬನ್ನಿ ಕೊಟ್ಟು ಕಾಲಿಗೆ ಬೀಳಲು ನಾವು ಪ್ರತಿವರ್ಷ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆವು. ಈ ಸಲ ಸ್ವಂತ ಕಾರಿನಲ್ಲಿ, ಟಾಪು ತೆಗೆದು, ಕಾತ್ರಜ ಘಾಟಿನಲ್ಲಿ ಗಾಳಿ ಕುಡಿಯುತ್ತ ಹೋಗುವುದೆಂದು ನಾನು ಆಫೀಸಿಗೆಲ್ಲ ಡಂಗುರ ಸಾರಿದ್ದೆ.

ಕಾರನ್ನು ಮೊದಲು ತೋರಿಸಿದ್ದು ನಾವೆಲ್ಲ ಕಾಕಾ ಎನ್ನುತ್ತಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ. ಕಾಕಾ ಗುಲಬರ್ಗಾ ಕಡೆಯವರು, ಮಿಲಿಟರಿ ಗಾಡಿಗಳ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದು, ನಿವೃತ್ತಿಯಾದ ಮೇಲೆ ಖಡಕಿ ಬಜಾರಿನ ಹಿಂದೆ ಒಂದು ತಗಡಿನ ಗ್ಯಾರೇಜು ಇಟ್ಟುಕೊಂಡಿದ್ದರು. ಇಂಜಿನ್ನಿನ ಸದ್ದು ಕೇಳಿ ನಾನು ಹಿಗ್ಗುತ್ತಿದ್ದರೆ ಅವರು ಗಾಲಿಯ ಹಿಂದೆ ತಲೆ ತೂರಿಸಿದ್ದರು.

"ಇಂಜಿನ್ ಚಲೋ ಅದರಿ ಸಾಹೇಬ್ರ, ಅದಕ್ಕ ಮರುಳಾಗಬ್ಯಾಡ್ರಿ. ಭಾಳ ದಿವಸ ನಿಂತ ಗಾಡಿ. ರಬ್ಬರ್ ಎಲ್ಲಾ ಒಣಗಿರ್ತಾವ. ಮಿಲಿಟರ್ಯಾಗ ನಾವು ಕೆಟ್ಟಮ್ಯಾಲ ರಿಪೇರಿ ಮಾಡ್ತಿದ್ದಿಲ್ಲ, ಕೆಡೂಕಿಂತ ಮೊದ್ಲ ಮಾಡ್ತಿದ್ವಿ."

ಹರಿದ ಕ್ಯಾಲೆಂಡರ್ ಹಾಳೆಯ ಹಿಂದೆ ಒಂದು ಪಟ್ಟಿ ಬರೆದುಕೊಟ್ಟರು: ಬ್ರೇಕಿನ ರಬ್ಬರು, ಬ್ರೇಕ್ ಆಯಿಲ್, ರೇಡಿಯೇಟರ್ ಪೈಪು, ಫ್ಯಾನ್ ಬೆಲ್ಟು, ಟೈರು, ಹೀಗೆ ಹನ್ನೆರಡು ಸಾಲು. ಮೊದಲ ಎರಡಕ್ಕೆ ಕೆಳಗೆ ಗೆರೆ ಎಳೆದಿದ್ದರು. ಈ ಕಾರಿನ ನಾಲ್ಕೂ ಬ್ರೇಕಿಗೆ ಆಯಿಲ್ ಹೋಗಲು ಒಂದೇ ದಾರಿ, ಒಂದು ಗಾಲಿಯಲ್ಲಿ ಸೋರಿದರೆ ನಾಲ್ಕೂ ಗಾಲಿಯ ಬ್ರೇಕು ಹೋಗುತ್ತದೆ ಎಂದು ಎರಡೆರಡು ಸಲ ಹೇಳಿದರು. ರಬ್ಬರು ಮುಂಬಯಿಯಿಂದ ತರಿಸಬೇಕು, ಹದಿನೈದು ದಿನ ಕಾರು ಇಲ್ಲೇ ಬಿಡಿ ಎಂದರು.

ದಸರೆಗೆ ಉಳಿದಿದ್ದದ್ದು ಹನ್ನೆರಡು ದಿನ. ನಾನು ಕಾರನ್ನು ಬಿಡಲಿಲ್ಲ. ಬದಲಿಗೆ ಬಣ್ಣ ಹಚ್ಚಿಸಿದೆ, ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿದೆ, ಹಾರ್ನ್ ಬದಲಿಸಿದೆ. ನೋಡುವವರಿಗೆ ಕಾಣುವುದು ಅಷ್ಟೇ ತಾನೆ? ವಾರದ ನಂತರ ಕಾಕಾ ಬಜಾರಿನಲ್ಲಿ ಸಿಕ್ಕು, "ಬ್ರೇಕಿಂದು ಏನ್ ಮಾಡಿದ್ರಿ?" ಎಂದು ಕೇಳಿದರು. "ಆತ್ರಿ ಕಾಕಾ, ಚಿಂಚವಾಡದಾಗ ಒಬ್ಬರ ಕಡೆ ಮಾಡಿಸಿದೆ" ಎಂದು ಸುಳ್ಳು ಹೇಳಿದೆ. ಪಾಪ, ಅವರು ನಂಬಿದರು.

ದಸರೆಯ ಹಿಂದಿನ ದಿನ, ಖಂಡೇನವಮಿಗೆ, ಕಾರಿಗೆ ಭರ್ಜರಿ ಆಯುಧಪೂಜೆ. ಹೆಂಡತಿ ನಾಲ್ಕೂ ಗಾಲಿಯ ಒಳಬದಿಗೆ ಕೈ ಚಾಚಿ ಒಂದೊಂದು ಕಮಲದ ರಂಗೋಲಿ ಹಾಕಿದಳು. ಗಾಲಿಗೊಂದು ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಕಾರನ್ನು ಒಂದು ಮಾರು ಮುಂದೆ ತಂದು ಮತ್ತೆ ಹಿಂದಕ್ಕೆ ತಂದೆ. ನಿಂಬೆಹಣ್ಣು ಪಚ್ ಎಂದವು. ವಠಾರದ ಮರಾಠಿ ಮಂದಿ ಪೇಢೆ ತಿಂದು ಹೊಗಳಿದರು. ಕಾರಿಗೆ ಆಗಬೇಕಾದದ್ದೆಲ್ಲ ಆಯಿತೆಂಬ ಸಮಾಧಾನದಲ್ಲಿ ನಾನು ಮಲಗಿದೆ.

ಮರುದಿನ ಬೆಳಿಗ್ಗೆ ಹೊಸ ಸೀರೆಯುಟ್ಟು, ಬನ್ನಿಯ ಎಲೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅವಳು ಹೊರಗೆ ಬಂದಳು. ಹಿಂದಿನ ಎಡಗಾಲಿಯ ಬಳಿ ನಿಂತುಬಿಟ್ಟಳು.

"ಇಲ್ಲೆ ರಂಗೋಲಿ ಹಸಿ ಆಗ್ಯದ ನೋಡ್ರಿ."

"ನಿಂಬಿಹಣ್ಣಿನ ರಸ. ಹತ್ತು, ಹೊತ್ತಾತು."

"ನಿನ್ನೆ ಒಡೆದ ನಿಂಬಿಹಣ್ಣು ಇವತ್ತಿನ ತನಾ ಹಸಿ ಇರ್ತದೇನ್ರಿ? ಉಳಿದ ಮೂರೂ ಒಣಗ್ಯಾವಲ್ಲ?" ಬಗ್ಗಿ ಬೆರಳಿನಿಂದ ಮುಟ್ಟಿದಳು, ಉಜ್ಜಿದಳು, ಮೂಸಿದಳು. "ಇದು ಜಾರ್ತದ. ಎಣ್ಣಿ ಇದ್ದಂಗ ಅದ."

ನನಗೆ ಪಿತ್ತ ನೆತ್ತಿಗೇರಿತು. ಬಾಲ್ಕನಿಗಳಲ್ಲಿ ಜನ ನಿಂತು ನೋಡುತ್ತಿದ್ದರು. ನಿನಗೇನು ಗೊತ್ತು ಗಾಡಿಯ ವಿಷಯ ಎಂದು ಕೂಗಿದೆ.  ಅವಳು ಮೆಟ್ಟಿಲ ಮೇಲೆ ಕೂತು, ಬನ್ನಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು, "ನಾ ಹತ್ತೂದಿಲ್ಲ" ಎಂದಳು. ಮಾವನನ್ನು ನೋಡಲು ವರ್ಷವಿಡೀ ಕಾಯುತ್ತಿದ್ದವಳು.

ಅವಳ ಬಾಯಿ ಮುಚ್ಚಿಸಲೆಂದೇ ನಾನು ಸೀಟಿನಲ್ಲಿ ಕೂತು ಬ್ರೇಕ್ ಒತ್ತಿದೆ. ಗಟ್ಟಿಯಾಗಿತ್ತು. "ನೋಡು!" ಎಂದೆ. ಮತ್ತೆ ಒತ್ತಿದೆ, ಸ್ವಲ್ಪ ಮೆತ್ತಗಿತ್ತು. ಮತ್ತೊಂದು ಸಲ. ನಾಲ್ಕನೆಯ ಸಲಕ್ಕೆ ಕಾಲು ಸೀದಾ ನೆಲಕ್ಕೆ ಹೋಯಿತು. ಇಳಿದು ನೋಡಿದರೆ ಹಿಂದಿನ ಎಡಗಾಲಿಯ ಕಮಲ ಪೂರ್ತಿ ಕರಗಿ ಹೋಗಿತ್ತು.

ಕಾತ್ರಜದ ಸುರಂಗ ದಾಟಿದ ಮೇಲಿನ ಇಳಿಜಾರು ಕಣ್ಣಿಗೆ ಕಟ್ಟಿತು.  ಅವಳು ಎಲ್ಲ ನೋಡುತ್ತಿದ್ದಳು. ಒಳಗೆ ಹೋಗಿ ನೀರು ತಂದುಕೊಟ್ಟಳು.

ನಾನು ಗಂಟಿನಿಂದ ನಾಲ್ಕು ಎಲೆ ತೆಗೆದುಕೊಂಡು ಲೋಕಲ್ ರೈಲು ಹಿಡಿದು ಖಡಕಿಗೆ ಹೋದೆ. ಕಾಕಾ ಜಳಕ ಮುಗಿಸಿ, ತಮ್ಮ ಪಾನಾ, ಸ್ಪ್ಯಾನರುಗಳಿಗೆ ಹಿಂದಿನ ದಿನ ಹಚ್ಚಿದ್ದ ಕುಂಕುಮ ಒರೆಸುತ್ತ ಕೂತಿದ್ದರು. ಸುಳ್ಳು ಹೇಳಿದ್ದು, ನಿಂಬೆಹಣ್ಣು, ರಂಗೋಲಿ, ಎಲ್ಲ ಒದರಿಬಿಟ್ಟೆ. ಬೈಯುತ್ತಾರೆಂದು ತಲೆ ತಗ್ಗಿಸಿ ಬನ್ನಿ ಚಾಚಿದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ನಾ ಬರೇ ಪಟ್ಟಿ ಬರದೆ. ಗಾಡಿ ತಪಾಸ ಮಾಡಿದಾಕಿ ಆಕಿ. ಮೊದ್ಲ ಆಕಿಗೆ ಕೊಟ್ಟು ಬರ್ರಿ, ಆಮ್ಯಾಲ ನಾ ತಗೋತೀನಿ."

ಮುಂದಿನ ಲೋಕಲಿಗೇ ವಾಪಸು ಬಂದೆ. ಅವಳು ಹೊಸ ಸೀರೆ ಬಿಚ್ಚಿಟ್ಟು, ಹಳೆಯದನ್ನುಟ್ಟು ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ನಮ್ಮಲ್ಲಿ ಹೆಂಡತಿ ಗಂಡನಿಗೆ ಬನ್ನಿ ಕೊಟ್ಟು ಕಾಲಿಗೆ ಬೀಳುವುದು ರೂಢಿ. ನಾನು ಎಲೆ ಚಾಚಿದಾಗ ಅವಳು ಗಾಬರಿಯಾಗಿ ಕೈಯ ಹೂರಣ ಸೆರಗಿಗೆ ಒರೆಸಿಕೊಂಡಳು. "ಇದೇನ್ರಿ ಉಲ್ಟಾ?" ಎಂದಳು. "ತಗೋ, ಬಂಗಾರದಂಗ ಇರೂಣು" ಎಂದು ಅವಳ ಅಂಗೈಯಲ್ಲಿ ಎಲೆ ಇಟ್ಟೆ.

ಹದಿನೈದು ದಿನ ಎಂದದ್ದಕ್ಕೆ ಕಾಕಾ ಇಪ್ಪತ್ತು ದಿನ ತೆಗೆದುಕೊಂಡರು, ಹನ್ನೆರಡೂ ಸಾಲು ಮುಗಿಸಿದರು. ದೀಪಾವಳಿಗೆ ನಾವು ಭೋರಿಗೆ ಹೋದೆವು. ಮಾವ ಕಾರಿನ ಸುತ್ತ ನಡೆದು, ಹಿಂದೆ ಯಾರು ಕೂಡೂದು ಎಂದೇ ಕೇಳಿದರು. ಆಮೇಲೆ ಆ ಕಾರು ನಮ್ಮಲ್ಲಿ ಹನ್ನೊಂದು ವರ್ಷ ಇತ್ತು. ಸಂಜೆ ನಾನು ಕಾರು ನಿಲ್ಲಿಸಿದ ಮೇಲೆ ಅವಳು ನಾಲ್ಕು ಗಾಲಿಯ ಬಳಿಯೂ ಒಂದೊಂದು ಕಮಲ ಬರೆಯುತ್ತಿದ್ದಳು. ನಾನು ಮರುದಿನ ಬಗ್ಗಿ ನಾಲ್ಕನ್ನೂ ಮುಟ್ಟಿ ನೋಡದೆ ಒಂದು ದಿನವೂ ಕೀಲಿ ತಿರುಗಿಸಲಿಲ್ಲ. ನೋಡಿದವರು ನಾನು ಕಾರಿಗೆ ನಮಸ್ಕಾರ ಮಾಡುತ್ತಿದ್ದೇನೆಂದು ತಿಳಿದರು. ನಾನು ಬಗ್ಗುತ್ತಿದ್ದದ್ದು ಕಾರಿಗಲ್ಲ.