ಹತ್ತು ಸಾವಿರದ ಏಳರ ಹಟ

ಟೈಲು ಮೇಸ್ತ್ರಿಗಳ ಜಂಬ ಎರಡು ಕಾಲಿನ ಮೇಲೆ ನಿಂತಿತ್ತು: ಅವರು ಯಾವ ಗೋಡೆಗೂ ಟೈಲನ್ನು ಕತ್ತರಿಸಿ ತುಂಬಿದವರಲ್ಲ, ಕೆಲಸ ಮುಗಿದ ಮೇಲೆ ಒಂದನ್ನೂ ಉಳಿಸಿದವರಲ್ಲ. 1951ರ ಜೂನ್ 4ರಂದು ಕರಣೆ ಹಿಡಿದ ಲಾಗಾಯ್ತು ಈ ಮಾತನ್ನು ಕೇಳಿ ಕೇಳಿ ಮನೆಯವರ ಕಿವಿ ತೂತಾಗಿತ್ತು.

1987ರ ಮಾರ್ಚ್ 9, ಸೋಮವಾರ, ಈಜುಕೊಳದ ಗೋಡೆಗೆಂದು ಅಂಗೈಯಗಲದ ನೀಲಿ ಟೈಲುಗಳು ಬಂದಿಳಿದವು. ನಿವೃತ್ತಿಗೆ ಮುಂಚಿನ ಕೊನೆಯ ಗೋಡೆ. ಎಪ್ಪತ್ತೆರಡು ಸಾಲು, ಸಾಲಿಗೆ ನೂರಮೂವತ್ತೊಂಬತ್ತು. ಒಟ್ಟು ಹತ್ತು ಸಾವಿರದ ಎಂಟು. ಆ ನೀಲಿಯನ್ನು ಸುಟ್ಟ ಗೂಡು ಅದೇ ಸರಕಿನೊಂದಿಗೆ ಬಾಗಿಲು ಹಾಕಿತ್ತು. ಮಂಗಳವಾರ ಮೇಸ್ತ್ರಿಗಳು ಎಣಿಸಿದರೆ ಸಿಕ್ಕಿದ್ದು ಹತ್ತು ಸಾವಿರದ ಏಳು. ಮತ್ತೆ ಎಣಿಸಿದರು, ಸಂಖ್ಯೆ ಹಟ ಬಿಡಲಿಲ್ಲ.

ಗೂಡಿನವನ ಏಳು ತಲೆಮಾರನ್ನು ಜಾಲಾಡುತ್ತ ಮನೆಗೆ ಬಂದರು. ಗಣಿತದ ಮೇಡಂ ಆಗಿದ್ದ ಮಗಳು ಊಟದ ಮೇಜಿನ ಬಳಿ ಕುಳಿತಿದ್ದಳು.

"ಗೋಡೆ ಅಳತೆ ಬೇಕಾದ್ರೆ ಬದಲಾಯಿಸ್ತಾರಂತೆ ಕಣೇ. ಹತ್ತು ಸಾವಿರದ ಏಳನ್ನ ಬೇರೆ ಸಾಲಲ್ಲಿ ಕೂರಿಸಿಕೊಡು."

"ಕೂರಲ್ಲಪ್ಪ. ಅದು ಅವಿಭಾಜ್ಯ."

"ಮೂರರಿಂದ ನೋಡು."

"ಎರಡು ಉಳಿಯುತ್ತೆ."

"ಏಳರಿಂದ?"

"ನಾಲ್ಕು. ನೂರರವರೆಗೂ ಇದೇ ಕಥೆ. ನೂರರೊಳಗೆ ಸಿಗಲಿಲ್ಲ ಅಂದ್ರೆ ಮುಂದೆ ಹುಡುಕೋದೇ ಬೇಡ. ಆಚೆ ಒಂದು ಸಿಕ್ಕಿದ್ರೆ ಅದರ ಜೊತೆಗಾರ ಈಚೆ ಇರಲೇಬೇಕಲ್ಲ. ಒಂದೇ ಸಾಲು ಮಾಡು, ಪೂರ್ತಿ ಕೂರುತ್ತೆ. ಒಂದು ಕಿಲೋಮೀಟರ್ ಗೋಡೆ ಕಟ್ಟಿಸು ಅಷ್ಟೆ."

"ಅಂದ್ರೆ ಯಾರ ಜೊತೆಗೂ ಹೊಂದಿಕೊಳ್ಳಲ್ಲ ಅನ್ನು."

"ತಾನು, ಬಿಟ್ಟರೆ ಒಂದು. ಮೂರನೆಯವರ ಮಾತು ಕೇಳಲ್ಲ."

"ಅಂಥದ್ದರ ಜೊತೆ ಸಂಸಾರ ಮಾಡಿದವಳು ಇಲ್ಲಿದೀನಿ," ಎಂದು ಒಲೆಯ ಮುಂದಿನಿಂದ ಹೆಂಡತಿ ಹೇಳಿದರು.

ಮೇಸ್ತ್ರಿಗಳು ಕೇಳಿಸದವರಂತೆ, "ಇನ್ನೊಂದೇ ಒಂದು ಇದ್ದಿದ್ರೆ?" ಎಂದರು.

"ಹತ್ತು ಸಾವಿರದ ಎಂಟು ಧಾರಾಳಿ. ಎರಡು, ಮೂರು, ನಾಲ್ಕು, ಆರು, ಎಂಟು, ಒಂಬತ್ತು, ಯಾರು ಕೈಚಾಚಿದ್ರೂ ಸಮಪಾಲು."

ಒಂದು ಸಾಲು ಕೈಬಿಟ್ಟರೆ ನೂರಮೂವತ್ತೆಂಟು ಉಳಿಯುತ್ತವೆ. ಬಿಡದಿದ್ದರೆ ಕೊನೆಯ ಗೋಡೆ ಹಲ್ಲುಬಿದ್ದ ಬಾಯಿ. ಅಷ್ಟರಲ್ಲಿ ಹೆಂಡತಿ ಬಿಸಿ ಪಾತ್ರೆ ತಂದು ಮೇಜಿನ ಮೇಲಿದ್ದ ಟೈಲಿನ ಎರಡು ಹೋಳುಗಳ ಮೇಲಿಟ್ಟರು. ಹೋಳುಗಳು ನೀಲಿಯಾಗಿದ್ದವು.

ಹೊಸ ಸರಕು ಬಂದಾಗಲೆಲ್ಲ ಮೊದಲ ಟೈಲನ್ನು ಒಡೆದು ಒಳಮೈ ಬೆಂದಿದೆಯೇ ಎಂದು ನೋಡುವುದು, ಹೋಳುಗಳನ್ನು ಪಾತ್ರೆಯಡಿಗೆಂದು ಮನೆಗೆ ತರುವುದು ಮೇಸ್ತ್ರಿಗಳ ಪದ್ಧತಿ. ಒಡೆಯಲಿಕ್ಕೆಂದೇ ಗೂಡಿನವನು ಒಂದನ್ನು ಹೆಚ್ಚಿಗೆ ಕಳಿಸುವುದು ವಾಡಿಕೆ. ಬಾಗಿಲು ಹಾಕುವ ಗೂಡಿನಲ್ಲಿ ಹೆಚ್ಚಿಗೆಯದು ಎಲ್ಲಿಂದ ಬರಬೇಕು?

ಮೇಸ್ತ್ರಿಗಳು ಪಾತ್ರೆಯನ್ನು ಎತ್ತಿ ಹಿಡಿದು ಹೋಳುಗಳನ್ನು ಎಳೆದುಕೊಂಡರು.

"ಪಾತ್ರೆ ಎಲ್ಲಿಡ್ಲಿ?" ಎಂದರು ಹೆಂಡತಿ.

"ನನ್ನ ತಲೆ ಮೇಲಿಡು."

ಗೋಡೆ ಮಾರ್ಚ್ 28, ಶನಿವಾರ ಮುಗಿಯಿತು. ಕೆಳಗಿನ ಎಡಮೂಲೆಯಲ್ಲಿ ಕೂದಲೆಳೆಯಂಥ ಗೆರೆ. ಮಗಳು ಬಗ್ಗಿ ನೋಡಿ, "ಕತ್ತರಿಸಿ ತುಂಬಿಲ್ಲ ಅಂತ ಇನ್ನೂ ಹೇಳಬಹುದಪ್ಪ," ಎಂದಳು.

"ಮತ್ತೇನು? ಅದು ಒಡೆದದ್ದು," ಎಂದರು ಮೇಸ್ತ್ರಿಗಳು, ಗೆರೆಯ ಮುಂದೆ ಬಕೆಟ್ಟನ್ನು ಸರಿಸುತ್ತ.